ತೊಂಬತ್ತೇಳನೇ ಪೊಟ್ಟಣ

ಚಾಮರಾಜಪೇಟೆ ನಾಲ್ಕನೇ ಮೇನಿನ ರಂಜಿನಿ ನಾಲ್ಕು ವರ್ಷದಿಂದ ಭತ್ತದ ಬೇರಿನ ಹಿಂದೆ ಬಿದ್ದಿದ್ದಳು. ಮನೆಗೆ ಬಂದ ನೆಂಟರು "ಏನಮ್ಮಾ ಓದ್ತಿರೋದು?" ಎಂದರೆ, "ಕೆಲವು ಭತ್ತ ನೀರಿಲ್ದಿದ್ರೂ ಯಾಕೆ ಒಣಗಲ್ಲ ಅಂತ ಹುಡುಕ್ತಿದೀನಿ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಕೇಳುವ ತಾಳ್ಮೆ ಯಾರಿಗೂ ಇರುತ್ತಿರಲಿಲ್ಲ, ಅಜ್ಜಿ ಪಿಳ್ಳಮ್ಮನೊಬ್ಬಳನ್ನು ಬಿಟ್ಟು. ಪಿಳ್ಳಮ್ಮ ಮೂವತ್ತೆರಡು ವರ್ಷ ತರಗುಪೇಟೆಯ ಮಂಡಿಯೊಂದರಲ್ಲಿ ಅಕ್ಕಿ ಕೇರಿ, ಕಲ್ಲು ಆರಿಸಿ ಮಗಳನ್ನು ಓದಿಸಿ ಟೀಚರ್ ಮಾಡಿದವಳು. ಭತ್ತದ ಮಾತು ಬಂದರೆ ಈಗಲೂ ಅವಳ ಕಿವಿ ನೆಟ್ಟಗಾಗುತ್ತಿತ್ತು.

ರಂಜಿನಿಯ ಕೆಲಸ ಹೇಳುವುದಕ್ಕೆ ಸುಲಭ, ಮಾಡುವುದಕ್ಕೆ ಪ್ರಾಣಸಂಕಟ. ಅವಳು ಸೇರಿದ್ದ ಸಂಶೋಧನಾ ಕೇಂದ್ರದಲ್ಲಿ ಹಿಂದೊಮ್ಮೆ ಎರಡು ಭತ್ತಗಳನ್ನು ಕೂಡಿಸಿದ್ದರು. ತಾಯಿ, ಗುಡ್ಡದ ಮೇಲೆ ಬರೀ ಮಳೆ ನಂಬಿ ಬೆಳೆಯುವ ಕೆಂಪಕ್ಕಿಯ ತಳಿ. ಅದರ ಬೇರು ಆಳಕ್ಕಿಳಿದು ನೀರು ಹುಡುಕುತ್ತದೆ, ಆದರೆ ಇಳುವರಿ ಅಷ್ಟಕ್ಕಷ್ಟೆ. ತಂದೆ, ಗದ್ದೆಯ ಬಿಳಿ ಅಕ್ಕಿ. ಕೈತುಂಬ ಕೊಡುತ್ತದೆ, ಆದರೆ ಬೇರು ಗೇಣುದ್ದ. ಹತ್ತು ದಿನ ನೀರು ತಪ್ಪಿದರೆ ಎಲೆ ಸುರುಳಿ ಸುತ್ತಿಕೊಳ್ಳುತ್ತದೆ. ಇವೆರಡರ ಸಂತಾನವನ್ನು ಏಳು ತಲೆಮಾರು ಬೆಳೆಸಿ ನೂರ ತೊಂಬತ್ತೆರಡು ಬಳಿಗಳನ್ನು, ಅಂದರೆ ಒಳತಳಿಗಳನ್ನು, ಮಾಡಿ ನಂಬರು ಕೊಟ್ಟಿದ್ದರು. ಒಂದೊಂದು ಬಳಿಗೂ ತಾಯಿಯದೊಂದಿಷ್ಟು, ತಂದೆಯದೊಂದಿಷ್ಟು ಬೇರೆಬೇರೆ ಪಾಲಿನಲ್ಲಿ ಬಂದಿರುತ್ತದೆ.

ರಂಜಿನಿ ಒಂದೊಂದು ಬಳಿಗೆ ಮೂರರಂತೆ ಐನೂರ ಎಪ್ಪತ್ತಾರು ಎದೆಯೆತ್ತರದ ಪೈಪುಗಳಲ್ಲಿ ಭತ್ತ ಬೆಳೆಸಿದ್ದಳು. ನಡುವೆ ನೀರು ನಿಲ್ಲಿಸಿ ಗಿಡ ಹೇಗೆ ತಡೆದುಕೊಳ್ಳುತ್ತದೆಂದು ನೋಡಿದ್ದಳು. ಒಂದು ಬಳಿಯ ಮೂರೂ ಪೈಪಿನ ತೆನೆ ಕೊಯ್ದು ಅದೇ ನಂಬರಿನ ಒಂದು ಪೊಟ್ಟಣಕ್ಕೆ ಹಾಕಿ, ಆಮೇಲೆ ಪೈಪು ಸೀಳಿ, ಮಣ್ಣು ತೊಳೆದು, ಬೇರಿನ ಉದ್ದ ಅಳೆದಿದ್ದಳು. ಇನ್ನೊಂದು ಕಡೆ, ಪ್ರತಿ ಬಳಿಯ ಎಲೆಯಿಂದ ಡಿಎನ್‌ಎ ತೆಗೆದು ಯಾವ ತುಂಡು ತಾಯಿಯದು, ಯಾವುದು ತಂದೆಯದು ಎಂದು ಓದಿಸಿದ್ದಳು. ಆಳದ ಬೇರಿನ ಬಳಿಗಳೆಲ್ಲ ಯಾವ ಜಾಗದಲ್ಲಿ ತಾಯಿಯ ತುಂಡನ್ನೇ ಉಳಿಸಿಕೊಂಡಿವೆಯೋ, ಆ ಗುಣ ಅಲ್ಲೇ ಎಲ್ಲೋ ಅಡಗಿದೆ ಎಂದರ್ಥ. ಭತ್ತದ ಹನ್ನೆರಡು ವರ್ಣತಂತುಗಳ ಉದ್ದಕ್ಕೂ ಆ ಜಾಗ ಹುಡುಕುವ ನಕ್ಷೆಯೇ ಅವಳ ಪಿಎಚ್‌ಡಿ. ಅದು ಸಿಕ್ಕಿಬಿಟ್ಟರೆ ಮುಂದೆ ಯಾರೂ ಬೇರು ಅಗೆಯಬೇಕಿಲ್ಲ. ಸಸಿಯ ಒಂದು ಚೂರು ಎಲೆ ನೋಡಿಯೇ, ಬರಕ್ಕೆ ನಿಲ್ಲುತ್ತದೋ ಇಲ್ಲವೋ ಹೇಳಬಹುದು.

ನಕ್ಷೆ ತೆರೆದದ್ದು ಒಂದು ಗುರುವಾರ, ಗೈಡ್ ಮಧುಸೂದನ್ ಅವರ ಕೋಣೆಯಲ್ಲಿ. ಆ ಗುಣ ಅಡಗಿದ ಕಡೆ ಗೋಪುರದ ಹಾಗೆ ಗೆರೆ ಏಳಬೇಕಿತ್ತು. ಪರದೆಯ ಮೇಲೆ ಬಂದದ್ದು ಉದ್ದಕ್ಕೂ ಒಂದೇ ಸಮನೆ ಮಲಗಿದ ಗೆರೆ. ಒಂಬತ್ತನೇ ವರ್ಣತಂತುವಿನ ಮೇಲೆ ಇರುವೆ ಗೂಡಿನಷ್ಟು ದಿಬ್ಬ, ಅದೂ ಲೆಕ್ಕಕ್ಕೆ ಸೇರದಷ್ಟು ಚಿಕ್ಕದು.

ಮಧುಸೂದನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಾಯಿ ಬೇರಿಗೂ ತಂದೆ ಬೇರಿಗೂ ಇಷ್ಟೊಂದು ವ್ಯತ್ಯಾಸ ಇದೆ, ಮಕ್ಕಳಲ್ಲಿ ಏನೂ ಕಾಣಲ್ಲ ಅಂದ್ರೆ? ಎಲ್ಲೋ ನಂಬರ್ ಅದಲುಬದಲಾಗಿದೆ ರಂಜಿನಿ."

ನಾಲ್ಕು ವರ್ಷ ಕಣ್ಣೆದುರೇ ನೆಲಸಮವಾದದ್ದನ್ನು ನೋಡುತ್ತಿದ್ದ ರಂಜಿನಿಗೆ ಬಾಯಿಗೆ ಬಂದದ್ದು ಒಂದೇ ಮಾತು. "ಪೈಪಿನ ಲೇಬಲ್ ಇರಬಹುದು ಸರ್. ಅದನ್ನ ಕಟ್ಟಿದ್ದು ಆಂಜಿನಯ್ಯನೋರು."

ಆಂಜಿನಯ್ಯ ಗಾಜಿನ ಮನೆಯ ಕೆಲಸಗಾರರು. ಐವತ್ತೆಂಟು ವರ್ಷ, ಅದರಲ್ಲಿ ಇಪ್ಪತ್ತಾರು ಅಲ್ಲೇ ಕಳೆದವರು. ಮನೆ ನಗರ್ತಪೇಟೆಯಲ್ಲಿ. ಬೆಳಿಗ್ಗೆ ಮಾರ್ಕೆಟ್ ಸ್ಟಾಪಿನಲ್ಲಿ ಅವರೂ ರಂಜಿನಿಯೂ ಒಂದೇ ಬಸ್ಸು ಹತ್ತುತ್ತಿದ್ದರು. ನೀರು ನಿಲ್ಲಿಸಿದ ವಾರಗಳಲ್ಲಿ ಒಂದು ಪೈಪಿಗೂ ತಪ್ಪಿ ಹನಿ ಬೀಳದಂತೆ ಭಾನುವಾರವೂ ಬಂದು ಕಾದವರು ಅವರು.

ಮಧುಸೂದನ್ ಆಗಲೇ ಆಂಜಿನಯ್ಯನವರನ್ನು ಕರೆಸಿದರು. ಆಂಜಿನಯ್ಯ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತರು. ವಿಷಯ ಕೇಳಿ ರಂಜಿನಿಯ ಕಡೆ ಒಮ್ಮೆ ನೋಡಿದರು, ಅಷ್ಟೆ.

"ನಾನು ನೋಡ್ಕೊಂಡೇ ಕಟ್ಟಿದೀನಿ ಸರ್."

"ನೋಡ್ಕೊಂಡೇ ಕಟ್ಟಿರ್ತೀರಾ ಆಂಜಿನಯ್ಯ, ಇಲ್ಲ ಅಂತಿಲ್ಲ. ಆದ್ರೆ ವಯಸ್ಸೂ ಆಯ್ತಲ್ಲ. ಮುಂದಿನ ಬೆಳೆಗೆ ಬೇರೆಯವ್ರನ್ನ ಹಾಕೋಣ. ಸೋಮವಾರದಿಂದ ನೀವು ಸ್ಟೋರ್ ರೂಮಲ್ಲಿ ಕೂತ್ಕೊಳ್ಳಿ, ಆರಾಮಾಗಿರುತ್ತೆ."

"ಸರಿ ಸರ್" ಎಂದು ಅವರು ಹೊರಟುಹೋದರು. 'ಇರಬಹುದು' ಎಂದು ತಾನು ಹೇಳಿದ್ದು ಐದೇ ನಿಮಿಷದಲ್ಲಿ 'ಆಗಿದೆ' ಎಂದಾದದ್ದು ರಂಜಿನಿಗೆ ಗೊತ್ತಾಯಿತು. ಆದರೂ ತಿದ್ದಲಿಲ್ಲ. ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಆಂಜಿನಯ್ಯ ಕಾಣಲಿಲ್ಲ. ಒಂದು ಬಸ್ಸು ಮೊದಲೇ ಹೋಗಿದ್ದರು. ಆ ದಿನ, ಮಾರನೆಯ ದಿನ, ಅವಳು ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

ಮತ್ತೆ ಮೊದಲಿನಿಂದ ಬಿತ್ತಬೇಕು ಎಂದಾಗಿತ್ತು. ಅದಕ್ಕೆ ಗಟ್ಟಿ ಕಾಳು ಆರಿಸಲು ರಂಜಿನಿ ಬೀಜದ ಪೊಟ್ಟಣಗಳನ್ನೆಲ್ಲ ಎರಡು ರಟ್ಟಿನ ಡಬ್ಬಿಯಲ್ಲಿ ಮನೆಗೆ ತಂದಿದ್ದಳು. ಭಾನುವಾರ ಬೆಳಿಗ್ಗೆ ಅಮ್ಮ ಶಾಲೆಯ ಯಾವುದೋ ತರಬೇತಿಗೆಂದು ಹೋದ ಮೇಲೆ, ಹಾಲಿನಲ್ಲಿ ಬುದ್ಧನ ಪಟದ ಕೆಳಗೆ ಚಾಪೆ ಹಾಸಿ ಕೂತಳು. ಪಿಳ್ಳಮ್ಮ ಕರೆಯದೆಯೇ ಮೊರ ಹಿಡಿದು ಬಂದು ಎದುರಿಗೆ ಕಾಲು ಚಾಚಿದಳು.

"ಜೊಳ್ಳು ತೆಗೀಬೇಕು ಅಷ್ಟೇ ತಾನೇ? ನೀನು ಇವತ್ತು ಪೂರ್ತಿ ಕೂತ್ರೂ ಆಗಲ್ಲ. ತಾ ಇಲ್ಲಿ."

ನಾಲ್ಕು ಪೊಟ್ಟಣ ಮುಗಿಯುವಷ್ಟರಲ್ಲಿ ಅಜ್ಜಿಯ ಹಳೆಯ ಚಾಳಿ ಎದ್ದಿತು. ಮಂಡಿಗೆ ಬಂದ ಭತ್ತದ ಮೂಟೆಯಿಂದ ಚಿಟಿಕೆ ತೆಗೆದು ಮಣೆಯ ಮೇಲೆ ಉಜ್ಜಿ ಒಳಗಿನ ಅಕ್ಕಿ ನೋಡದೆ ಅವಳು ಯಾವತ್ತೂ ಮುಂದಕ್ಕೆ ಹೋದವಳಲ್ಲ. ಅಡುಗೆಮನೆಯಿಂದ ಮಣೆ ತರಿಸಿಕೊಂಡು ಏಳೆಂಟು ಕಾಳು ಹಾಕಿ ಅಂಗೈಯಗಲದ ಮರದ ತುಂಡಿನಿಂದ ಉಜ್ಜಿ, ಉಫ್ ಎಂದು ಊದಿದಳು.

"ಇದು ಕೆಂಪು."

ಇನ್ನೊಂದು ಪೊಟ್ಟಣ. "ಇದು ಬಿಳಿ." ಇನ್ನೊಂದು. "ಇದೂ ಬಿಳಿ. ಏನೇ ಇದು, ಹೊಟ್ಟು ನೋಡಿದ್ರೆ ಎಲ್ಲಾ ಒಂದೇ ತರ, ಒಳಗಡೆ ಒಂದೊಂದು ಬಣ್ಣ!"

"ತಾಯಿ ಕೆಂಪಕ್ಕಿ ಅಲ್ವಾ ಅಜ್ಜಿ, ಕೆಲವಕ್ಕೆ ತಾಯಿ ಬಣ್ಣ ಬಂದಿದೆ, ಕೆಲವಕ್ಕೆ ತಂದೇದು" ಎಂದಳು ರಂಜಿನಿ ಬೇರೆಲ್ಲೋ ಮನಸ್ಸಿಟ್ಟು. ಹೇಳಿದವಳ ಕೈ ಹಾಗೇ ನಿಂತುಬಿಟ್ಟಿತು.

ಅಕ್ಕಿಯನ್ನು ಕೆಂಪು ಮಾಡುವ ವಂಶವಾಹಿ ಏಳನೇ ವರ್ಣತಂತುವಿನ ಮೇಲಿದೆ ಎಂದು ಎಷ್ಟೋ ವರ್ಷಗಳ ಹಿಂದೆಯೇ ಗೊತ್ತಾಗಿದೆ. ಅದನ್ನು ಯಾರೂ ಹೊಸದಾಗಿ ಹುಡುಕಬೇಕಿಲ್ಲ. ಅಂದರೆ ಆ ಜಾಗದಲ್ಲಿ ತಾಯಿಯ ತುಂಡು ಇದೆ ಎಂದು ಡಿಎನ್‌ಎ ಹೇಳಿದ ಬಳಿಯ ಅಕ್ಕಿ ಕೆಂಪಾಗಿರಲೇಬೇಕು, ತಂದೆಯ ತುಂಡಿದ್ದರೆ ಬಿಳಿ. ಲೇಬಲ್ ಸರಿಯೋ ತಪ್ಪೋ ಎಂಬುದನ್ನು ಕಾಳೇ ಹೇಳುತ್ತದೆ! ಬೇರಿನ ಧ್ಯಾನದಲ್ಲಿ ಮುಳುಗಿದ್ದ ಅವಳಿಗೆ ಅಕ್ಕಿಯ ಬಣ್ಣ ನೋಡಬೇಕೆಂದು ಹೊಳೆದೇ ಇರಲಿಲ್ಲ.

ಲ್ಯಾಪ್‌ಟಾಪ್ ತಂದು ಏಳನೇ ವರ್ಣತಂತುವಿನ ಆ ಜಾಗ ತೆರೆದಳು. "ಅಜ್ಜಿ, ಒಂದನೇ ನಂಬರಿಂದ ಶುರು ಮಾಡೋಣ. ನೀನು ಬಣ್ಣ ಮಾತ್ರ ಹೇಳು. ಪೊಟ್ಟಣದಲ್ಲಿ ಎರಡು ಬಣ್ಣ ಬೆರಕೆ ಆಗಿದ್ರೂ ಹೇಳು."

"ಬೆರಕೆ ಇದ್ರೆ ನಾನು ಬಿಡ್ತೀನಾ?" ಎಂದಳು ಪಿಳ್ಳಮ್ಮ.

ಕೆಂಪು. ಸರಿ. ಬಿಳಿ. ಸರಿ. ಬಿಳಿ. ಸರಿ. ಹತ್ತು, ಇಪ್ಪತ್ತು, ನಲವತ್ತು. ಎಲ್ಲೂ ಬೆರಕೆಯಿಲ್ಲ, ಎಲ್ಲೂ ತಪ್ಪಿಲ್ಲ. ಎಪ್ಪತ್ತೊಂದನೇ ಪೊಟ್ಟಣವೊಂದು ಮಾತ್ರ ತಾಳೆಯಾಗಲಿಲ್ಲ. ಡಿಎನ್‌ಎಯಲ್ಲಿ ಓದಿದ ಗುರುತು ಬಣ್ಣದ ವಂಶವಾಹಿಯ ಪಕ್ಕದ್ದಾದ್ದರಿಂದ ಅಂಥದ್ದು ಒಂದೆರಡು ಬರುವುದು ಸಹಜವೆಂದು ರಂಜಿನಿಗೆ ಗೊತ್ತಿತ್ತು. ತೊಂಬತ್ತಾರರವರೆಗೂ ಹೀಗೇ ಸಾಗಿತು. ಅವಳ ಎದೆ ಒಂದು ಕಡೆ ಹಗುರಾಗುತ್ತಿತ್ತು, ಇನ್ನೊಂದು ಕಡೆ ಗಾಬರಿಯೂ ಏರುತ್ತಿತ್ತು. ಎಲ್ಲ ಸರಿಯಿದ್ದರೆ ನಕ್ಷೆಯೇಕೆ ಮಲಗಿತು?

ಅಜ್ಜಿ ತೊಂಬತ್ತೇಳನೇ ಪೊಟ್ಟಣ ಬಿಚ್ಚಿ, ಉಜ್ಜಿ, ಊದಿದಳು. "ಕೆಂಪು. ಚೆನ್ನಾಗಿ ಕೆಂಪು."

ಪರದೆಯ ಮೇಲೆ ಬಿಳಿ ಎಂದಿತ್ತು.

ತೊಂಬತ್ತೆಂಟು ಕೂಡಿತು. ತೊಂಬತ್ತೊಂಬತ್ತು ಕೂಡಲಿಲ್ಲ. ನೂರು, ಇಲ್ಲ. ನೂರ ಒಂದು, ಹೌದು. ನೂರ ಮೂವತ್ತು ದಾಟುವಷ್ಟರಲ್ಲಿ ಅದು ನಾಣ್ಯ ಚಿಮ್ಮಿದ ಹಾಗೆ ಅರ್ಧ ಸರಿ, ಅರ್ಧ ತಪ್ಪು ಎಂಬುದು ಸ್ಪಷ್ಟವಾಯಿತು.

ತೊಂಬತ್ತಾರರಲ್ಲಿ ಏನಿದೆ? ಗಾಜಿನ ಮನೆಯಲ್ಲಿ ಸಾಲಿಗೆ ನಲವತ್ತು ಪೈಪು. ಅಲ್ಲಿ ತೊಂಬತ್ತಾರಕ್ಕೆ ಗಡಿಯೇ ಇಲ್ಲ. ತೊಂಬತ್ತಾರಕ್ಕೆ ಗಡಿ ಇರುವುದು ಒಂದೇ ಕಡೆ. ಡಿಎನ್‌ಎ ತುಂಬಿಸಿ ಓದಿಸಲು ಕಳಿಸುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದು, ಎಂಟು ಸಾಲು, ಸಾಲಿಗೆ ಹನ್ನೆರಡು ಗುಳಿ, ಒಟ್ಟು ತೊಂಬತ್ತಾರು. ಅವಳು ಅಂಥ ಎರಡು ತಟ್ಟೆ ತುಂಬಿಸಿದ್ದಳು. ಆಂಜಿನಯ್ಯನವರು ಆ ಕೋಣೆಯೊಳಗೆ ಕಾಲಿಟ್ಟವರೇ ಅಲ್ಲ.

ಎರಡನೇ ತಟ್ಟೆ ತುಂಬಿಸಿದ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಾಯಿತು. ಏಸಿ ರಿಪೇರಿಯವರು ಬಂದು ಏಣಿ ಹಾಕಿದ್ದರು. ಇತ್ತ ಕಡೆ ಜಾಗವಿಲ್ಲವೆಂದು ಅವಳು ಮೇಜಿನ ಆಚೆ ಬದಿಗೆ ಹೋಗಿ ನಿಂತಿದ್ದಳು. ತಟ್ಟೆ ಮಾತ್ರ ಇದ್ದಲ್ಲೇ ಇತ್ತು. ಅವಳ ಕಡೆಯಿಂದ ಅದು ತಲೆಕೆಳಗು. ಅಂಚಿನಲ್ಲಿ ಅಕ್ಷರ ಬರೆದಿರುತ್ತದೆ, ಒಂದು ಮೂಲೆ ಕತ್ತರಿಸಿರುತ್ತದೆ, ನೋಡಬೇಕಿತ್ತು. ಒಂದು ತುಂಬಿಸಿದ ಕೈ ಎರಡನೆಯದನ್ನು ನೋಡದೆ ತುಂಬಿಸಿತು.

ಹಾಗಿದ್ದರೆ ತೊಂಬತ್ತೇಳರ ಡಿಎನ್‌ಎ ಹೋಗಿರುವುದು ನೂರ ತೊಂಬತ್ತೆರಡರ ಗುಳಿಗೆ, ತೊಂಬತ್ತೆಂಟರದು ನೂರ ತೊಂಬತ್ತೊಂದಕ್ಕೆ. ಅವಳು ಪಟ್ಟಿಯ ಎರಡನೇ ಅರ್ಧವನ್ನು ಹಿಂದುಮುಂದು ಮಾಡಿದಳು.

"ಅಜ್ಜಿ, ತೊಂಬತ್ತೇಳು ಕೆಂಪು ಅಂದ್ಯಲ್ಲ?"

"ಹೂಂ."

ಪರದೆಯಲ್ಲೂ ಈಗ ಕೆಂಪು. ತೊಂಬತ್ತೆಂಟು, ಸರಿ. ತೊಂಬತ್ತೊಂಬತ್ತು, ಸರಿ. ನೂರು, ಸರಿ. ಉಳಿದ ಪೊಟ್ಟಣಗಳನ್ನು ಪಿಳ್ಳಮ್ಮ ಒಂದೊಂದಾಗಿ ಉಜ್ಜುತ್ತಾ ಹೋದಳು, ರಂಜಿನಿ ಒಂದೊಂದಕ್ಕೂ ತಲೆಯಾಡಿಸುತ್ತಾ ಹೋದಳು. ಕೊನೆಗೆ ತಪ್ಪಿದವು ಎರಡು.

ಆ ಸರಿಮಾಡಿದ ಪಟ್ಟಿಗೆ ಬೇರಿನ ಅಳತೆ ಸೇರಿಸಿ ಮತ್ತೆ ನಕ್ಷೆ ಬರೆಯಲು ಕೊಟ್ಟಳು. ಇಪ್ಪತ್ತು ನಿಮಿಷ ಬೇಕಾಯಿತು. ಅಜ್ಜಿ ಅಷ್ಟರಲ್ಲಿ ಎದ್ದು ಹೋಗಿ ಕಾಫಿ ಮಾಡಿ ತಂದಳು. ಲೋಟ ಕೈಗೆ ಬಂದ ಹೊತ್ತಿಗೆ ಪರದೆಯ ಮೇಲೆ ಗೆರೆ ಮೂಡತೊಡಗಿತು. ಒಂದನೇ ವರ್ಣತಂತುವಿನದು ಮಲಗಿತ್ತು. ಎರಡು, ಮೂರು, ನಾಲ್ಕು, ಎಲ್ಲ ಮಲಗಿದ್ದವು. ಒಂಬತ್ತನೆಯದರ ನಡುವಿನಿಂದ ಗೆರೆ ಎದ್ದು, ಏರಿ, ಪರದೆಯ ಮೇಲಂಚಿನವರೆಗೂ ಹೋಯಿತು.

ರಂಜಿನಿ ಕಾಫಿ ಕೆಳಗಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಸಿಕ್ತಾ?" ಎಂದಳು ಅಜ್ಜಿ.

"ಸಿಕ್ತು ಅಜ್ಜಿ."

"ಮತ್ತೆ ಅಳ್ತಿದೀಯಲ್ಲೇ?"

ಆಗ ರಂಜಿನಿ ಎಲ್ಲವನ್ನೂ ಹೇಳಿದಳು. ಗುರುವಾರ ತಾನು ಆಡಿದ ಮಾತು, ಬಾಗಿಲಲ್ಲಿ ನಿಂತ ಆಂಜಿನಯ್ಯ, ಸ್ಟೋರ್ ರೂಮು, ತಟ್ಟೆ. ಹೇಳುವಾಗಲೇ ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಇನ್ನೊಂದು ಯೋಚನೆಯೂ ಓಡಿತ್ತು. ಫೈಲು ಸರಿಯಾಗಿದೆ. 'ನಂಬರಿನ ಗೊಂದಲ ಬಗೆಹರೀತು ಸರ್' ಎಂದು ಒಂದು ಸಾಲು ಬರೆದು ಕಳಿಸಿದರೆ ಯಾರೂ ಯಾವ ಗೊಂದಲ ಎಂದು ಕೇಳುವುದಿಲ್ಲ. ಅದನ್ನೂ ಅಜ್ಜಿಗೆ ಹೇಳಿಬಿಟ್ಟಳು.

ಪಿಳ್ಳಮ್ಮ ಮಣೆಯ ಮೇಲಿನ ಹೊಟ್ಟನ್ನು ಕೈಯಿಂದ ಒಟ್ಟುಗೂಡಿಸುತ್ತಿದ್ದಳು. "ತಪ್ಪು ನಿಂದೇ ತಾನೇ? ಸದ್ಯ. ಬೇರೆಯೋರದಾಗಿದ್ರೆ ಅವ್ರು ಒಪ್ಕೊಳ್ಳೋ ತನಕ ಕಾಯ್ಬೇಕಿತ್ತು. ನಿಂದಾದ್ರೆ ಇವತ್ತೇ ಮುಗಿಸ್ಬೋದು. ಆ ಮನುಷ್ಯನ ಮನೆ ಎಲ್ಲಿ?"

"ನಗರ್ತಪೇಟೆ."

"ನಡ್ಕೊಂಡೇ ಹೋಗ್ಬೋದು. ಮುಖ ತೊಳ್ಕೊಂಡು ಹೊರಡು."

ನಾಲ್ಕು ಗಂಟೆಯ ಬಿಸಿಲಿನಲ್ಲಿ ರಂಜಿನಿ ಮಾರ್ಕೆಟ್ ದಾಟಿ ಹೋದಳು. ಹೂವಿನವರು ಬಾಡಿದ ಸೇವಂತಿಗೆಯನ್ನು ರಸ್ತೆ ಬದಿಗೆ ಸುರಿಯುತ್ತಿದ್ದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವಳಿಗೆ ಗುಂಡಿ, ದಾರ ಮಾರುವ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತುವಾಗ ಒಂದೂ ಉಳಿಯಲಿಲ್ಲ.

ಬಾಗಿಲು ತೆರೆದೇ ಇತ್ತು. ಆಂಜಿನಯ್ಯ ಕಿಟಕಿಯ ಬಳಿ ನಿಂತು, ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎದುರು ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದುತ್ತಿದ್ದರು. ಇವಳನ್ನು ಕಂಡು ಕೈ ಕೆಳಗಿಳಿಸಿದರು.

"ಬನ್ನಿ ರಂಜಿನಮ್ಮ" ಎಂದರು, ನಗದೆ.

ಅವಳು ಕೂರಲಿಲ್ಲ. "ಲೇಬಲ್ ತಪ್ಪಾಗಿರ್ಲಿಲ್ಲ ಆಂಜಿನಯ್ಯನೋರೆ. ಐನೂರ ಎಪ್ಪತ್ತಾರರಲ್ಲಿ ಒಂದೂ ತಪ್ಪಿಲ್ಲ. ತಪ್ಪು ಮಾಡಿದ್ದು ನಾನು. ಲ್ಯಾಬಲ್ಲಿ ತಟ್ಟೆ ತಿರುಗಾಮುರುಗಾ ಹಿಡ್ಕೊಂಡ್ಬಿಟ್ಟಿದ್ದೆ. ನೋಡ್ದೆ ನಿಮ್ಮ ಹೆಸರು ಹೇಳ್ಬಿಟ್ಟೆ. ನಾಳೆ ಸರ್ ಹತ್ರಾನೂ ಹೇಳ್ತೀನಿ."

ಬೈದರೆ ಬೈಸಿಕೊಳ್ಳೋಣ ಎಂದು ಅವಳು ನಿಂತೇ ಇದ್ದಳು.

"ಒಂದೂ ಇಲ್ವಾ?"

"ಒಂದೂ ಇಲ್ಲ. ನಮ್ಮಜ್ಜಿ ಪ್ರತಿ ಪೊಟ್ಟಣದ ಕಾಳು ಉಜ್ಜಿ ನೋಡಿದಾಳೆ. ಬೆರಕೆ ಕೂಡ ಇಲ್ಲ."

ಆಂಜಿನಯ್ಯ ಮಂಚದ ಅಂಚಿನಲ್ಲಿ ಕೂತರು. "ನಮ್ಮಣ್ಣನಿಗೆ ಹಿಂಗೇ ಶುರುವಾಗಿದ್ದು ರಂಜಿನಮ್ಮ. ಮೊದ್ಲು ಅಂಕಿ ತಪ್ಪೋದು. ಬಸ್ ನಂಬರು, ಮನೆ ನಂಬರು. ಆಮೇಲೆ ನಮ್ ಹೆಸರೂ ಮರ್ತೋಯ್ತು. ಮೂರು ದಿನದಿಂದ ನನ್ ತಲೆ ಒಳಗೆ ಅದೇ. ಕಣ್ಣಿನ ದೋಷ ಆಗಿದ್ರೆ ಸಾಕು ಅಂತ ಈಗ ಕ್ಯಾಲೆಂಡರ್ ಓದಿ ನೋಡ್ತಿದ್ದೆ. ನಾನು ಸರಿಯಾಗೇ ಕಟ್ಟಿದೀನಿ ಅನ್ಸುತ್ತೆ. ಅಣ್ಣನಿಗೂ ಹಂಗೇ ಅನ್ನಿಸ್ತಿತ್ತಲ್ಲ! ಹೆಂಡ್ತಿ ಹತ್ರನೂ ಹೇಳಿಲ್ಲ ನಾನು."

ರಂಜಿನಿ ತನ್ನ ಒಂದು ಮಾತು ಈ ಮನುಷ್ಯನ ಕೆಲಸವನ್ನಷ್ಟೇ ಮುಟ್ಟಿದೆ ಎಂದುಕೊಂಡಿದ್ದಳು.

"ಹಂಗಾದ್ರೆ ನನ್ ತಲೆ ಸರಿಯಾಗೇ ಇದೆ" ಎಂದರು ಆಂಜಿನಯ್ಯ, ಅವಳಿಗಲ್ಲ, ತಮಗೇ ಹೇಳಿಕೊಳ್ಳುವಂತೆ. ಆಮೇಲೆ ನಕ್ಕರು. ನಗು ನಿಲ್ಲದೆ ಕೆಮ್ಮಾಯಿತು. ಒಳಗಿನಿಂದ ಹೆಂಡತಿ "ಏನಾಯ್ತು ರೀ?" ಎಂದು ಓಡಿ ಬಂದರು. "ಏನಿಲ್ಲ ಕಣೇ, ನಂಗೆ ಏನೂ ಆಗಿಲ್ಲ!" ಎಂದು ಕಣ್ಣೊರೆಸಿಕೊಂಡರು.

ಅವಳು ಹೊರಡುವಾಗ ಮಾತ್ರ, ಮೆಟ್ಟಿಲ ತನಕ ಬಂದು ಹೇಳಿದರು: "ನಿಮ್ಮ ಮೇಲೆ ಕೋಪ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಇತ್ತು. ನನ್ನೇ ಒಂದ್ಮಾತು ಕೇಳ್ಬೋದಿತ್ತು ನೀವು."

"ಕೇಳ್ಬೇಕಿತ್ತು" ಎಂದಳು ರಂಜಿನಿ.

ಸೋಮವಾರ ಮಧುಸೂದನ್ ಅವರ ಮುಂದೆ ಅವಳು ಹೊಸ ನಕ್ಷೆಯನ್ನು ಮೊದಲು ತೋರಿಸಲಿಲ್ಲ. ತಟ್ಟೆಯ ವಿಷಯವನ್ನೇ ಮೊದಲು ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, ಅಕ್ಕಿಯ ಬಣ್ಣದ ಪಟ್ಟಿಯನ್ನು ಬೆರಳಿಟ್ಟು ಓದಿ, ಕುರ್ಚಿಗೆ ಒರಗಿದರು.

"ತಟ್ಟೆ ತಿರುಗೋದು ಯಾರಿಗಾದ್ರೂ ಆಗುತ್ತೆ. ಅದಲ್ಲ ನೀನು ಮಾಡಿದ ದೊಡ್ಡ ತಪ್ಪು."

"ಗೊತ್ತು ಸರ್. ನಿನ್ನೆ ಅವ್ರ ಮನೆಗೆ ಹೋಗಿದ್ದೆ."

ಅವರು ಕಿಟಕಿಯ ಕಡೆ ನೋಡಿದರು. "ಗುರುವಾರ 'ವಯಸ್ಸಾಯ್ತಲ್ಲ' ಅಂದವನು ನಾನು. ನಿಂಗಿಂತ ಮೊದ್ಲು ನಾನು ಹೋಗ್ಬೇಕಿತ್ತು" ಎನ್ನುತ್ತಾ ಎದ್ದು ಸ್ಟೋರ್ ರೂಮಿಗೆ ನಡೆದೇಬಿಟ್ಟರು. ಅಲ್ಲಿ ಏನು ಮಾತಾಯಿತೋ ರಂಜಿನಿಗೆ ತಿಳಿಯದು. ಆದರೆ ಹನ್ನೊಂದು ಗಂಟೆಗೆ ಗಾಜಿನ ಮನೆಯಲ್ಲಿ ನೀರಿನ ಕೊಳವೆ ಹಿಡಿದಿದ್ದವರು ಆಂಜಿನಯ್ಯನವರೇ.

ನಕ್ಷೆಯನ್ನು ಮಾತ್ರ ಮಧುಸೂದನ್ ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಫ್ರೀಜರಿನಲ್ಲಿ ಉಳಿದ ಎಲೆಗಳಿಂದ ಎಂಟು ಬಳಿಗಳನ್ನು ತಾವೇ ಆರಿಸಿ, ಹೊಸದಾಗಿ ಡಿಎನ್‌ಎ ತೆಗೆದು ಓದಿಸುವಂತೆ ಹೇಳಿದರು. ಎಂಟೂ ಎರಡನೇ ತಟ್ಟೆಯವು. ಮೂರು ದಿನ ರಂಜಿನಿ ಆ ಕೆಲಸ ಮಾಡಿದಳು, ಪ್ರತಿ ಬಾರಿ ಕತ್ತರಿಸಿದ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಗುರುವಾರ ಮಧ್ಯಾಹ್ನ ಫಲಿತಾಂಶ ಬಂತು. ಎಂಟಕ್ಕೆ ಎಂಟೂ ತಿರುಗಿಸಿದ ಪಟ್ಟಿಯಂತೆಯೇ ಇದ್ದವು.

ಮಧುಸೂದನ್ ಎರಡು ಸಲ ನೋಡಿ ಕಾಗದ ಮಡಿಸಿದರು. "ಆಯ್ತು. ಇದು ನಿಜವಾದ ನಕ್ಷೆ. ಒಂಬತ್ತನೆಯದರ ಮೇಲಿನ ಆ ತುಂಡನ್ನ ಇನ್ನೂ ಚಿಕ್ಕದು ಮಾಡ್ಬೇಕು, ಅದಕ್ಕೆ ಇನ್ನೊಂದು ವರ್ಷ. ಆದ್ರೆ ಜಾಗ ಸಿಕ್ತು. ಮನೆಗೆ ಹೋಗು, ನಾಳೆ ಬರೋದು ಬೇಡ. ನಿದ್ದೆಗೆಟ್ಟ ನಿನ್ನ ಮುಖ ನೋಡಕ್ಕಾಗ್ತಿಲ್ಲ."

ಸಂಜೆ ಐದಕ್ಕೆ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಬ್ಯಾಗು ಬಾಗಿಲ ಹಿಂದೆ ಹಾಕಿ, ಅಡುಗೆಮನೆಗೆ ಹೋದಳು. ಅಮ್ಮ ಶಕುಂತಲಮ್ಮ ಸ್ಕೂಲಿನಿಂದ ಆಗಷ್ಟೇ ಬಂದು ಸೊಪ್ಪು ಬಿಡಿಸುತ್ತಿದ್ದಳು. "ಎಲ್ಲಾ ಸರಿಯಾಯ್ತಮ್ಮ" ಎಂದು ಹೇಳಿ, ಮಧ್ಯಾಹ್ನದ ತಣ್ಣನೆಯ ಅನ್ನಕ್ಕೆ ಸಾರು ಸುರಿದುಕೊಂಡು ನಿಂತಲ್ಲೇ ಎರಡು ತಟ್ಟೆ ಉಂಡಳು. ಆಮೇಲೆ ಹಾಲಿನ ಚಾಪೆಯ ಮೇಲೆ ಹಾಗೇ ಅಡ್ಡಾದಳು.

ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ. ಪಕ್ಕದ ಮನೆಯ ಮಿಕ್ಸಿ ಒಂದೇ ಸಮನೆ ತಿರುಗುತ್ತಿತ್ತು. ಅವಳಿಗೆ ಯಾವುದೂ ಕೇಳಿಸಲಿಲ್ಲ.

"ದೀಪ ಹಚ್ಚೋ ಹೊತ್ತು, ಎಬ್ಬಿಸ್ಲಾ?" ಎಂದಳು ಶಕುಂತಲಮ್ಮ.

"ಮಲಗ್ಲಿ ಬಿಡೇ" ಎಂದು ಪಿಳ್ಳಮ್ಮ ಮೊಮ್ಮಗಳ ಕಾಲ ಮೇಲೆ ದುಪ್ಪಟಿ ಎಳೆದು, ಬೀದಿಯ ಕಡೆಯ ಕಿಟಕಿ ಮುಚ್ಚಿದಳು.